ಎಡೆಗೆ ಬಾರದ ಬೀರಪ್ಪ

ಬೀರಪ್ಪನಿಗೆ ಬಾಯಿ ಇತ್ತು, ಮಾತು ಇರಲಿಲ್ಲ. ಎಲೆ ತೋಟದಿಂದ ಬರುತ್ತಿದ್ದ, ಕೈ ತೊಳೆಯುತ್ತಿದ್ದ, ಉಣ್ಣುತ್ತಿದ್ದ, ಏಳುತ್ತಿದ್ದ. ಅಡುಗೆ ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ, ಕೆಟ್ಟಿದೆ ಎಂದೂ ಅನ್ನಲಿಲ್ಲ. ಎತ್ತಾದರೂ ಮೇವು ತಿಂದ ಮೇಲೆ ಒಮ್ಮೆ ತಲೆ ಅಲ್ಲಾಡಿಸುತ್ತದೆ. ಇಂಥವನ ಜೊತೆ ಹೊಳೆವ್ವ ಬಾಳುವೆ ಮಾಡಿದಳು. ಕಡೆಗೆ ಸಾಯುವಾಗಲೂ ಅವನು ಹೇಳದೆ ಹೋದ.

ಹೋಗಿ ವರ್ಷವಾಗಿತ್ತು. ಇಂದು ಸವಣೂರಿನ ಮನೆಯಲ್ಲಿ ಅವನ ಹೆಸರಿನ ಎಡೆ.

ಅವನದೊಂದು ವಿಡಿಯೊ ಇತ್ತು. ಮಗಳು ಜಯಾ ತನ್ನ ಟ್ಯಾಬಿನಲ್ಲಿ ಹಿಡಿದದ್ದು. ಉಣ್ಣುತ್ತ ಉಣ್ಣುತ್ತ ಏನೋ ಹೇಳಿದ್ದಾನಂತೆ. ವರ್ಷವೆಲ್ಲ ಹೊಳೆವ್ವ ಅದನ್ನು ನೋಡಲಿಲ್ಲ. ಧೈರ್ಯ ಬರಲಿಲ್ಲ. (ಆದರೆ ಅದರಲ್ಲಿ ತನ್ನ ಅಡುಗೆ ಹೊಗಳಿದ್ದಾನೆ ಎಂದು ಓಣಿಗೆಲ್ಲ ಹೇಳಿ ಮುಗಿಸಿದ್ದಳು. ಗಂಡ ಏನಂದಿರುತ್ತಾನೆಂದು ಹೆಂಡತಿಗೆ ಗೊತ್ತಾಗುವುದಿಲ್ಲವೇ?) ಆ ಒಂದು ಒಳ್ಳೆಯ ಮಾತನ್ನು ಇಂದು ಕಿವಿಯಾರೆ ಕೇಳಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿದ್ದಳು.

“ಟ್ಯಾಬಿನಾಗ ನೋಡಬೇ,” ಎಂದಳು ಜಯಾ.

“ಅಂಗೈಯಷ್ಟ ಮಾಡಿ ನೋಡಾಕ ಅಂವೇನು ಗುಬ್ಬಿಯೇನ? ದೊಡ್ಡ ಟೀವ್ಯಾಗ ಬರ್ಲಿ. ಅದರ ಮುಂದ ಎಡಿ ಇಡ್ತೇನಿ.”

“ಅಪ್ಪ ನಿನಗ ತೋರಸಬ್ಯಾಡ ಅಂದಿದ್ದ.”

“ಹೊಗಳಿದ್ರ ಅಟ್ಟ ಏರ್ತಾಳ ಅಂತ ಅಂದಿರ್ತಾನ. ನೀ ಹಚ್ಚು.”

ಜಯಾ ಟ್ಯಾಬಿನಲ್ಲಿ ಟೀವಿಯ ಹೆಸರು ಹುಡುಕಿ ಒತ್ತಿದಳು. ಚಕ್ರವೊಂದು ತಿರುಗಿತು, ತಿರುಗಿತು, ಸಂಪರ್ಕ ಆಗಲಿಲ್ಲ ಎಂದು ಬರೆದು ನಿಂತಿತು.

“ವೈರ್ ಎಲ್ಲೈತಿ ಇದಕ್ಕ?”

“ವೈರ್ ಬ್ಯಾಡಬೇ. ಗಾಳ್ಯಾಗ ಬರ್ತೈತಿ.”

ಹೊಳೆವ್ವನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಸತ್ತವರು ಬರುವುದೇ ಗಾಳಿಯಲ್ಲಿ.

ದುಂಡಸಿಯಿಂದ ಬಂದಿದ್ದ ಮೈದುನ ಕನಕಪ್ಪ ಅಂಗಿಯ ತೋಳು ಮಡಚಿ ಎದ್ದ. ಪಂಪ್‌ಸೆಟ್ಟು ತಾನೇ ಬಿಚ್ಚಿ ಜೋಡಿಸುವ ಮಹಾಶಿಲ್ಪಿ ಅವನು. (ಜೋಡಿಸಿದ ಮೇಲೆ ನಾಲ್ಕಾರು ನಟ್ಟು ಉಳಿಯುತ್ತಿದ್ದವು, ಅದು ಬೇರೆ ಮಾತು.) ಟೀವಿ ಆರಿಸಿ ಹಚ್ಚಿದ. ಟ್ಯಾಬ್ ಆರಿಸಿ ಹಚ್ಚಿದ. ಟೀವಿಗೆ ಹೊದಿಸಿದ್ದ ಕಸೂತಿ ಬಟ್ಟೆ ತೆಗೆಸಿದ. ಆಮೇಲೆ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಟೀವಿಯ ಮುಂದೆ ಸುತ್ತು ಸುತ್ತಾಗಿ ಆಡಿಸತೊಡಗಿದ.

“ಸಿಗ್ನಲ್ ಹುಡಕಾಕತ್ತೇನಿ, ಅತ್ತಿಗೆವ್ವಾ.”

“ಆರತಿ ಎತ್ತಿದಂಗ ಕಾಣ್ತೈತಿ. ಹಾಡು ನಾ ಹೇಳ್ಲೇನು?”

ಮತ್ತೆ ಒತ್ತಿದರು. ಮತ್ತೆ ಅದೇ ಚಕ್ರ, ಅದೇ ಉತ್ತರ.

“ಅಣ್ಣಗ ಸಿಟ್ಟು ಬಂದೈತಿ,” ಎಂದ ಕನಕಪ್ಪ.

“ಸಿಟ್ಟಿಲ್ಲ ಏನಿಲ್ಲ. ಇದ್ದಾಗರೆ ಕರದ ಕೂಡಲೆ ಎಲ್ಲಿ ಬರ್ತಿದ್ದ?”

ರೊಟ್ಟಿ ಆರುತ್ತಿತ್ತು. ಹೊಳೆವ್ವ ಎಡೆ ಬಡಿಸಿದಳು: ರೊಟ್ಟಿ, ಪುಂಡಿಪಲ್ಯ, ಹೋಳಿಗೆ, ಒಂದಿಷ್ಟು ಖಾರದ ಚಟ್ನಿ. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಸುಮ್ಮನೆ ನಿಲ್ಲಬೇಕು. ಆಗ ಸತ್ತವನು ಬಂದು ಉಂಡು ಹೋಗುತ್ತಾನೆ. ಯಾರಾದರೂ ಮುಂದೆ ಕುಳಿತರೆ ನಾಚುತ್ತಾನೆ.

“ಕಡೀ ಸಲ ಒತ್ತಿಬಿಡು,” ಎಂದಳು ಹೊಳೆವ್ವ.

ಜಯಾ ಒತ್ತಿದಳು. “ಕೂಡಿತಂದ್ರ ತಾನ ಶುರು ಆಗ್ತೈತಿ.” ಟ್ಯಾಬನ್ನು ಎಡೆಯ ಪಕ್ಕಕ್ಕಿಟ್ಟು ಬಾಗಿಲು ಮುಚ್ಚಿ ಮೂವರೂ ಕಟ್ಟೆಯ ಮೇಲೆ ನಿಂತರು.

ಒಳಗೆ ಸದ್ದಿಲ್ಲ. ಹೊಳೆವ್ವ ಬಾಗಿಲಿಗೆ ಕಿವಿ ಹಚ್ಚಿದಳು. ಆಗ ಬೀರಪ್ಪ ಕೆಮ್ಮಿದ. ಅವನದೇ ಕೆಮ್ಮು, ಸಂಶಯವೇ ಇಲ್ಲ. ಆದರೆ ಬಂದದ್ದು ಬಾಜು ಮನೆಯಿಂದ.

ಆ ಮನೆಯ ಮುಮ್ತಾಜಬೇಗಂ ಕೈಯಲ್ಲಿ ರಿಮೋಟ್ ಹಿಡಿದು ಓಡಿ ಬಂದಳು. “ಹೊಳೆವ್ವಕ್ಕಾ, ಲಗೂನ ಬಾ. ಬೀರಪ್ಪಣ್ಣ ನಮ್ಮ ಮನ್ಯಾಗ ಉಣ್ಣಾಕತ್ತಾನ.”

ಆದದ್ದು ಇಷ್ಟೇ. ಎರಡೂ ಮನೆಯದು ಒಂದೇ ಕಂಪನಿಯ ಟೀವಿ. ಬೀರಪ್ಪನೂ ಮುಮ್ತಾಜಳ ಗಂಡ ಶಹಾಬುದ್ದೀನನೂ ಜೊತೆಗೆ ಹೋಗಿ, ಜೋಡಿ ಎತ್ತು ತಂದಂತೆ ತಂದಿದ್ದರು. ಟ್ಯಾಬಿನಲ್ಲಿ ಕಾಣುವ ಹೆಸರೂ ಒಂದೇ. ಜಯಾ ಬೆಳಗಿನಿಂದ ಒತ್ತಿದ್ದು ಮುಮ್ತಾಜಳ ಟೀವಿಯನ್ನು. ಅದು ಪ್ರತಿ ಸಲವೂ ‘ಬರಲೇ?’ ಎಂದು ಕೇಳಿದೆ. ಆಗ ಟೀವಿಯ ಮುಂದೆ ಯಾರೂ ಇರಲಿಲ್ಲ. ಈಗ ಧಾರಾವಾಹಿ ನೋಡಲು ಕುಳಿತವಳು ಪೀಡೆ ತೊಲಗಲಿ ಎಂದು ‘ಹೂಂ’ ಒತ್ತಿದ್ದಳು.

ಹೊಳೆವ್ವ ಓಡಿದಳು, ಹಿಂದೆಯೇ ಜಯಾ, ಕನಕಪ್ಪ. ಶಹಾಬುದ್ದೀನ ಟೀವಿಯ ಮುಂದೆ ಟೋಪಿ ಸರಿಮಾಡಿಕೊಂಡು ಎದ್ದು ನಿಂತಿದ್ದ. ತೆರೆಯ ತುಂಬ ಬೀರಪ್ಪ, ರೊಟ್ಟಿ ಜಗಿಯುತ್ತಿದ್ದ. ಹೊಳೆವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಆರಸ್ರಿ ಕಾಕಿ,” ಎಂದು ಜಯಾ ಪಿಸುಗುಟ್ಟಿದಳು.

“ಆರಿಸಿದ್ರ ಕೈ ಮುರೀತೇನಿ,” ಎಂದಳು ಹೊಳೆವ್ವ.

ಬೀರಪ್ಪ ತುತ್ತು ನುಂಗಿದ. “ಜಯಾ, ನಿಮ್ಮವ್ವನ ಪಲ್ಯಾ ಉಪ್ಪೋ ಉಪ್ಪು. ಲಗ್ನ ಆದಾಗಿಂದ ಹಿಂಗ. ಅಕಿಗೆ ಹೇಳಬ್ಯಾಡ. ಹೇಳಿದ್ರ ಕಮ್ಮಿ ಹಾಕ್ತಾಳ. ಕಮ್ಮಿ ಹಾಕಿದ್ರ ಯಾರದೋ ಮನ್ಯಾಗ ಉಂಡಂಗ ಆಗ್ತೈತಿ, ನನಗ ಸೇರಂಗಿಲ್ಲ.”

ವಿಡಿಯೊ ನಿಂತಿತು. ಮುಂದಿನ ತುತ್ತು ಬಾಯಿಯ ಹತ್ತಿರ ಹಿಡಿದುಕೊಂಡೇ ಬೀರಪ್ಪ ಉಳಿದ. ಕನಕಪ್ಪ ಗೋಡೆ ನೋಡಿದ. ಮುಮ್ತಾಜ ರಿಮೋಟ್ ನೋಡಿದಳು.

ಹೊಳೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಇಷ್ಟು ವರ್ಷ ಮಾತಾಡ್ಲಿಲ್ಲ. ಆಡಿದ್ದೊಂದು ಮಾತು, ಅದೂ ಮಂದಿ ಮನ್ಯಾಗ ಬಂದು.” ತಿರುಗಿ ನಿಂತಳು. “ನಡೀರಿ ಉಣ್ಣಾಕ. ಮುಮ್ತಾಜ, ನೀವಿಬ್ರೂ ಬರ್ರಿ.”

ಎಲ್ಲರೂ ಸಾಲಾಗಿ ಕುಳಿತರು. ಪುಂಡಿಪಲ್ಯ ಬಡಿಸಿದಳು. ಒಂದು ತುತ್ತು ಒಳಗೆ ಹೋಯಿತು. ಯಾರೂ ತಲೆ ಎತ್ತಲಿಲ್ಲ.

“ಹೆಂಗಾಗೇತಿ?” ಎಂದಳು.

“ಬರೋಬ್ಬರಿ ಐತಿ, ಅಕ್ಕಾ,” ಎಂದು ಶಹಾಬುದ್ದೀನ ನೀರಿನ ಲೋಟ ಮುಂದೆ ಹಿಡಿದ. ಕನಕಪ್ಪನೂ ಹಿಡಿದ. ಮುಮ್ತಾಜಳೂ, ಜಯಾಳೂ ಹಿಡಿದರು.

ಹೊಳೆವ್ವ ಕೊಡ ತರಲು ಒಳಗೆ ಹೋದಳು. ಯಾರೂ ಕಾಣದಂತೆ ಬೋಗುಣಿಯಿಂದ ಒಂದು ಚೂರು ಪಲ್ಯ ಬಾಯಿಗೆ ಹಾಕಿಕೊಂಡು ನೋಡಿದಳು.

ಇನ್ನೊಂದು ಹರಳು ಉಪ್ಪು ಬೇಕಾಗಿತ್ತು.