ಮಹಡಿ ಮೇಲಿನ ಸದ್ದು

ಮಕ್ಕಳು ದುಂಡಗಿದ್ದರೆ ಅಪ್ಪಂದಿರ ಎದೆ ಉಬ್ಬುತ್ತದೆ. ನಾನೂ ಹಾಗೆ ಉಬ್ಬಿದವನೇ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸಂಜೆ ಟೀ ಜೊತೆ ಕೊಡುವ ವಡೆಯನ್ನು ಮಕ್ಕಳೊಂದಿಗರು ಯಾರೂ ಅಲ್ಲಿ ತಿನ್ನುತ್ತಿರಲಿಲ್ಲ. ಊಟದ ಡಬ್ಬಿಯಲ್ಲಿಟ್ಟು ಮನೆಗೆ ತರುವುದೇ ರೂಢಿ. ನನ್ನ ಮಗಳು ಸುಧಾ ಅದಕ್ಕಾಗಿ ಕಾಯುತ್ತಿದ್ದಳು. ಅವಳ ಗಲ್ಲ ಹಿಂಡಿದವರೆಲ್ಲ "ಕಂಪ್ನಿ ತಿಂಡಿ ಮೈಗೆ ಹತ್ತಿದೆ" ಎನ್ನುವಾಗ ನನಗೆ ಬಡ್ತಿ ಸಿಕ್ಕಷ್ಟು ಖುಷಿ. ನಿಜವಾದ ಬಡ್ತಿ ಸಿಗುವ ಲಕ್ಷಣವಿರಲಿಲ್ಲ, ಇದರಲ್ಲೇ ಸಮಾಧಾನ.

ಲಗ್ಗೆರೆಗೆ ಬಂದ ಹೊಸದರಲ್ಲಿ ಈ ವಡೆ ಯಾವ ಲೆಕ್ಕಕ್ಕೂ ಇರಲಿಲ್ಲ. ನಾವಿದ್ದ ಹೆಂಚಿನ ಮನೆಯ ಎದುರಿಗೇ ಮನೆಯೊಡತಿ ಮುನಿಯಮ್ಮನವರ ಹೊಲ. ರಾಗಿ ಕೊಯ್ದ ಮೇಲೆ ಅದು ಮಕ್ಕಳದು. ಸುಧಾ ಅಲ್ಲಿ ಕತ್ತಲಾಗುವವರೆಗೆ ಓಡುತ್ತಿದ್ದಳು. ತಿಂದದ್ದೆಲ್ಲ ಅಲ್ಲೇ ಕರಗುತ್ತಿತ್ತು. ಆಮೇಲೆ ಹೊಲ ಮಾರಾಟವಾಯಿತು. ತಗಡಿನ ಷೆಡ್ಡುಗಳು ಎದ್ದವು, ಬೀದಿ ತುಂಬ ಲಾರಿ. ಹೊಲದ ದುಡ್ಡಿನಲ್ಲಿ ಮುನಿಯಮ್ಮ ಮೋಲ್ಡಿಂಗ್ ಮನೆ ಕಟ್ಟಿಸಿ ಮಹಡಿಯನ್ನು ನಮಗೇ ಬಾಡಿಗೆಗೆ ಕೊಟ್ಟರು. ಸೋರುವ ಹೆಂಚಿನಿಂದ ಪಾರಾದೆವೆಂದು ನಾನು ಪಾಯಸ ಮಾಡಿಸಿದೆ. ಹೆಂಡತಿ ಲಾರಿಗೆ ಹೆದರಿ ಬಾಗಿಲಿಗೆ ಚಿಲಕ ಹಾಕಿದಳು. ಓಟ ನಿಂತಿತು, ವಡೆ ನಿಲ್ಲಲಿಲ್ಲ. ಮಗು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ಕಂಡು ಆಸ್ಪತ್ರೆಗೆ ಕರೆದೊಯ್ದೆ.

"ವಡೆ ಬಿಡಿಸಿ, ಓಡಾಡಿಸಿ" ಎಂದರು ಡಾಕ್ಟರು. ಎಲ್ಲಿ ಎಂದು ಹೇಳಲಿಲ್ಲ. ನಾನು ನಡುಮನೆಯಲ್ಲೇ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಚೌಕಗಳನ್ನು ಬರೆದೆ. ಸುಧಾ ನಗುತ್ತ ಕುಪ್ಪಳಿಸಿದಳು. ಎಷ್ಟೋ ದಿನದ ಮೇಲೆ ಕಂಡ ನಗು. ಅಷ್ಟರಲ್ಲಿ ಕೆಳಗಿನಿಂದ ಮುನಿಯಮ್ಮ ಬಂದರು.

"ಏನ್ ಸಾರ್, ಮ್ಯಾಲೆ ರಾಗಿ ಕುಟ್ತಾ ಇದೀರಾ? ಒಸಾ ಮನೆ, ಬಿರುಕು ಬಿಟ್ರೆ ಏನ್ ಮಾಡಾನ?"

ಒಳ್ಳೆಯ ಹೆಂಗಸು, ಬೇಕೆಂದು ನೋಯಿಸಿದವರಲ್ಲ. ಅವರು ಹೋದ ಮೇಲೆ ಸುಧಾ ತಾನೇ ಒದ್ದೆ ಬಟ್ಟೆ ತಂದು ಗೆರೆಗಳನ್ನು ಒರೆಸಿದಳು. ಆಮೇಲೆ ತುದಿಗಾಲಲ್ಲಿ ನನ್ನ ಹತ್ತಿರ ಬಂದು ಕೇಳಿದಳು: "ಅಪ್ಪಾ, ನಾನು ಸುಮ್ನೆ ನಡೆದ್ರೂ ಕೆಳಗೆ ಕೇಳ್ಸುತ್ತಾ?"

"ಇಲ್ಲ ಕಣಮ್ಮಾ, ಅದು ನನ್ನ ಸದ್ದು" ಎಂದೆ. ಅಂದಿನಿಂದ ನಾನು ಮನೆಯಲ್ಲಿ ಧಡಧಡ ಕಾಲು ಅಪ್ಪಳಿಸಿಯೇ ಓಡಾಡತೊಡಗಿದೆ, ಅವಳ ಹೆಜ್ಜೆ ಅದರಲ್ಲಿ ಮುಚ್ಚಿಹೋಗಲಿ ಎಂದು. ಅವಳು ಮಾತ್ರ ತುದಿಗಾಲು ಬಿಡಲಿಲ್ಲ. ಕೆಲವು ದಿನಗಳ ಮೇಲೆ ಮುನಿಯಮ್ಮ ಮೆಟ್ಟಿಲಲ್ಲಿ ನನ್ನನ್ನು ತಡೆದು, ಕನಿಕರದಿಂದ ಹೇಳಿದರು:

"ಮಗೀದು ಸದ್ದೇ ಇಲ್ಲ ಸಾರ್, ಪಾಪ. ನೀವೇ ವಸಿ ಮೈ ಇಳಿಸ್ಕಳಿ."