ಒಂದು ಮನೆ, ಎರಡು ಚರ್ಚು

ಒಂದೇ ಮನೆಯವರು ಎರಡು ಚರ್ಚಿಗೆ ಸೇರಿದ್ದರೆ ನಗು ಬರುವಂಥದ್ದು ಆಗುತ್ತಲೇ ಇರುತ್ತದೆ. ನಗೋಕೆ ಹೊತ್ತು ಮಾತ್ರ ಸರಿ ಇರಲ್ಲ. ನಾನು ಮಂಗಳೂರು ಕಡೆಯ ಕ್ಯಾಥೊಲಿಕ್. ನಮ್ಮ ಯಜಮಾನರು ಮೈಸೂರಿನ ಪ್ರೊಟೆಸ್ಟೆಂಟ್, ಇಲ್ಲಿ ಅಮೆರಿಕದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಅವರು ತೀರಿಹೋಗಿ ಎರಡು ವರ್ಷ ಆಯ್ತು. ಈಗ ಮನೆಯಲ್ಲಿ ನಾನು, ಅತ್ತೆ ಇಬ್ಬರೇ.

ಸ್ನಾನ, ಊಟ

ಬೇರೆ ಸಭೆಯ ಕ್ರೈಸ್ತರನ್ನು ಮದುವೆಯಾಗೋಕೆ ನಮ್ಮಲ್ಲಿ ಬಿಷಪ್ಪರ ಅನುಮತಿ ಬೇಕು. ಅರ್ಜಿ ತುಂಬೋಕೆ ನಮ್ಮ ಫಾದರ್ ಹತ್ತಿರ ಹೋದೆವು. ಮದುವೆಗೆಂದು ಮೈಸೂರಿಂದ ಬಂದಿದ್ದ ಅತ್ತೆಯೂ ಜೊತೆಗಿದ್ದರು.

"ನನಗೆ ಮತ್ತೆ ದೀಕ್ಷಾಸ್ನಾನ ಕೊಡ್ತೀರಾ?" ಅಂತ ಇವರು ಕೇಳಿದರು.

"ಬೇಡ. ನಿಮ್ಮದನ್ನೇ ಒಪ್ಕೋತೀವಿ. ದೀಕ್ಷಾಸ್ನಾನ ಎಲ್ಲರಿಗೂ ಒಂದೇ."

"ಹಾಗಾದ್ರೆ ಪೂಜೇಲಿ ಕೊಡೋ ರೊಟ್ಟಿ, ಪರಮಪ್ರಸಾದ?"

ಫಾದರ್ ಪೆನ್ನು ಕೆಳಗಿಟ್ಟರು. "ಅದು ಆಗಲ್ಲ. ಸಭೆಗಳು ಪೂರ್ತಿ ಒಂದಾಗೋವರೆಗೆ ಕಾಯಬೇಕು."

ಇಂಗ್ಲಿಷಿನಲ್ಲಿ ಆದ ಮಾತನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಅಂದ್ರೆ ಸ್ನಾನಕ್ಕೆ ಮನೆಯವನು, ಊಟಕ್ಕೆ ಹೊರಗಿನವನು" ಅಂದರು.

ಸಾಲಿನಲ್ಲಿ

ಪ್ರತಿ ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ಇವರು ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ನನ್ನ ಹಿಂದೆ ಬರುತ್ತಿದ್ದರು. ಹಾಗೆ ಬಂದವರಿಗೆ ಫಾದರ್ ಆಶೀರ್ವಾದ ಮಾತ್ರ ಕೊಡ್ತಾರೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಒಂದು ಕ್ರಿಸ್ಮಸ್ಸಿಗೆ ರೆಡ್ಮಂಡ್‌ನಿಂದ ಇವರ ಹಿಂದೂ ಗೆಳೆಯರೊಬ್ಬರು ಪೂಜೆ ನೋಡೋಕೆ ಬಂದರು. ಸಾಲಿಗೆ ಬರಬೇಡಿ ಅಂತ ಹೇಳೋದು ನನಗೆ ಮರೆತಿತ್ತು. ಅವರು ಭಕ್ತಿಯಿಂದ ಬಲಗೈ ಚಾಚಿದರು, ಫಾದರ್ ಕೊಟ್ಟೇಬಿಟ್ಟರು. "ಮನೆಯವರು ಕಾರಲ್ಲಿದಾರೆ, ಅವರಿಗೂ ಒಂದು ಕೊಡಿ" ಅಂದಾಗಲೇ ಫಾದರಿಗೆ ಗೊತ್ತಾಗಿದ್ದು. ಮೆಲ್ಲಗೆ ಅಂಗೈಯಿಂದ ವಾಪಸ್ ತಗೊಂಡರು.

ಮನೆಗೆ ಡ್ರೈವ್ ಮಾಡುವಾಗ ಇವರು, "ಅವನ ಕೈಗಾದ್ರೂ ಅರ್ಧ ನಿಮಿಷ ಬಂತು" ಅಂದರು.

ಐಕ್ಯ ಪ್ರಾರ್ಥನೆ

ಜನವರಿಯಲ್ಲಿ ಸಭೆಗಳ ಐಕ್ಯಕ್ಕಾಗಿ ಒಂದು ವಾರ ಪ್ರಾರ್ಥನೆ ಇರುತ್ತದೆ. ಒಂದು ವರ್ಷ ನಮ್ಮ ಫಾದರ್, ಇವರ ಪಾಸ್ಟರ್ ಸೇರಿ ಮಾಡಿದರು. ಇವರಿಗೆ ಆಗ ಕೀಮೋ ನಡೀತಿತ್ತು. ಉಣ್ಣೆ ಟೋಪಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಾವು ಕ್ಯಾಥೊಲಿಕರು 'ಕೇಡಿನಿಂದ ಕಾಪಾಡು' ಅನ್ನೋಲ್ಲಿಗೆ ನಿಲ್ಲಿಸುತ್ತೇವೆ. ಪ್ರೊಟೆಸ್ಟೆಂಟರು 'ರಾಜ್ಯವೂ ಬಲವೂ ನಿನ್ನವೇ' ಅಂತ ಮುಂದುವರಿಸುತ್ತಾರೆ. ಮುಜುಗರ ಆಗಬಾರದು ಅಂತ ಫಾದರ್ ನಮಗೆ, "ಅವರ ಹಾಗೇ ಮುಂದುವರಿಸಿ" ಅಂದಿದ್ದರು. ಅತ್ತ ಪಾಸ್ಟರ್ ತಮ್ಮವರಿಗೆ, "ಅವರ ಹಾಗೇ ನಿಲ್ಲಿಸಿ" ಅಂದಿದ್ದರು. ಆ ದಿನ ಅವರೆಲ್ಲ ನಿಂತರು, ನಾವೆಲ್ಲ ಮುಂದೆ ಹೋದೆವು.

ಇವರು ನನ್ನ ಕಿವಿಯಲ್ಲಿ, "ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟು ದಾರೀಲಿ ದಾಟಿ ಹೋದ್ರು ನೋಡು" ಅಂದರು.

ಮಳೆ

ಇವರನ್ನು ಮಣ್ಣು ಮಾಡಿದ್ದು ನಮ್ಮ ಕ್ಯಾಥೊಲಿಕ್ ಸ್ಮಶಾನದಲ್ಲಿ, ಮುಂದೆ ನನಗೂ ಪಕ್ಕದಲ್ಲೇ ಜಾಗ ಇರಲಿ ಅಂತ. ಫಾದರ್, ಪಾಸ್ಟರ್ ಇಬ್ಬರೂ ಬಂದಿದ್ದರು. ಮಳೆ ಬಿಟ್ಟೇ ಇರಲಿಲ್ಲ.

"ಅವರು ನಿಮ್ಮ ಸಭೆಯವರು, ನೀವು ಶುರು ಮಾಡಿ" ಅಂದರು ಫಾದರ್.

"ಸ್ಮಶಾನ ನಿಮ್ಮದು, ನೀವೇ ಮಾಡಬೇಕು" ಅಂದರು ಪಾಸ್ಟರ್.

"ಇಲ್ಲ, ದಯವಿಟ್ಟು ನೀವು."

"ಛೆ, ನೀವು."

ಪೆಟ್ಟಿಗೆಯ ಮುಚ್ಚಳದ ಮೇಲೆ ನೀರು ನಿಲ್ಲತೊಡಗಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅತ್ತೆ ನನ್ನ ಕೊಡೆಯಿಂದ ಆಚೆ ನಡೆದು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ, ಕನ್ನಡದಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದರು:

"ದೇವರೇ, ನನ್ನ ಮಗ ನೆನೀತಾ ಇದಾನೆ. ಇವರಿಬ್ಬರಲ್ಲಿ ಯಾರಿಗಾದ್ರೂ ಒಬ್ಬರಿಗೆ ಬೇಗ ಬುದ್ಧಿ ಕೊಡಪ್ಪ."

ಕನ್ನಡದ ಒಂದಕ್ಷರ ಗೊತ್ತಿಲ್ಲದ ಇಬ್ಬರೂ ತಲೆ ಬಗ್ಗಿಸಿ, ಒಂದೇ ದನಿಯಲ್ಲಿ "ಆಮೆನ್" ಅಂದರು.