ಮಾಮಾನ ಫೋನಿನ ಬೀಗ

ನಮ್ಮ ಸೋದರಮಾವನ ಮನೆಯಲ್ಲಿ ತಿರುಪು ಬಿಚ್ಚಿಸಿಕೊಳ್ಳದೆ ಉಳಿದಿರುವುದು ನಮ್ಮ ಅತ್ತೆಯೊಬ್ಬಳೇ! ಇದು ನನ್ನ ಮಾತಲ್ಲ, ಅತ್ತೆಯದೇ. "ತಿರುಪ ಎಲ್ಲೈತಂತ ಅವರಿಗೆ ಸಿಕ್ಕಿಲ್ಲ, ಅದಕ್ಕ ಉಳದೇನಿ," ಎನ್ನುತ್ತಾಳೆ. ಹೊಸ ವಸ್ತು ತಂದರೆ ಜನ ಅರಿಶಿನ ಕುಂಕುಮ ಹಚ್ಚುತ್ತಾರೆ. ಮಾಮಾ ಸ್ಕ್ರೂಡ್ರೈವರ್ ಹಚ್ಚುತ್ತಾನೆ. ಒಳಗೇನಿದೆ ಎಂದು ನೋಡುವ ತನಕ ಯಾವುದೂ ಅವನ ಪಾಲಿಗೆ ಸ್ವಂತದ್ದಲ್ಲ.

ಅಕ್ಕಿಆಲೂರಿನ ಅಕ್ಕಿ ಗಿರಣಿಗಳಲ್ಲಿ ಜೀವಮಾನವೆಲ್ಲ ಫಿಟರ್ ಆಗಿದ್ದವನು. ಸದ್ದು ಕೇಳಿಯೇ ಯಂತ್ರದ ರೋಗ ಹೇಳುತ್ತಾನೆಂದು ಹೆಸರು; ಈಗಲೂ ಗಿರಣಿ ನಿಂತರೆ ಅವನಿಗೇ ಕರೆ ಬರುತ್ತದೆ. ಸರಿ, ಗಿರಣಿ ರಿಪೇರಿ ಮಾಡಿಕೊಂಡು ಸುಮ್ಮನಿರಬಾರದೆ? ನನ್ನ ಮದುವೆಗೆ ಉಡುಗೊರೆ ಬಂದ ಮಿಕ್ಸರನ್ನು ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳುವ ಮೊದಲೇ ಬಿಚ್ಚಿ ನೋಡಿದ. ತಿರುಗಿ ಜೋಡಿಸಿದಾಗ ಎರಡು ತಿರುಪು ಮಿಕ್ಕವು. "ಕಂಪನಿಯವರು ಹೆಚ್ಚಿಗಿ ಹಾಕಿರ್ತಾರ," ಎಂದು ಅವನ್ನು ಕಿಸೆಗೆ ಹಾಕಿಕೊಂಡ. ಆ ಮಿಕ್ಸರ್ ಚಟ್ನಿ ಅರೆಯುವಾಗ ಅಡುಗೆ ಕಟ್ಟೆಯ ಮೇಲೆ ತಾನೇ ನಡೆಯುತ್ತಿತ್ತು. ಒಂದು ಕೈಯಲ್ಲಿ ಅದರ ಮುಚ್ಚಳ, ಇನ್ನೊಂದು ಕೈಯಲ್ಲಿ ಅದರ ಸೊಂಟ ಹಿಡಿದುಕೊಂಡೇ ನಾನು ಹತ್ತು ವರ್ಷ ಸಂಸಾರ ಮಾಡಿದೆ.

ಇಂಥವನ ಕೈಗೆ ಸ್ಮಾರ್ಟ್‌ಫೋನ್ ಬಂತು. ತಂದ ದಿನವೇ ಬೆನ್ನು ಮಗುಚಿ ನೋಡಿದ, ಒಂದೂ ತಿರುಪಿಲ್ಲ. ಅವನಿಗದು ಅವಮಾನ. ವಿಡಿಯೋ ನೋಡಿ ನೋಡಿ ಕಡೆಗೆ ಕಂಡುಹಿಡಿದ: ಫೋನಿಗೆ ಕಂಪನಿ ಒಳಗಿನಿಂದ ಬೀಗ ಹಾಕಿರುತ್ತದೆ, 'ರೂಟ್' ಮಾಡಿದರೆ ಆ ಬೀಗ ಹೋಗುತ್ತದೆ, ಆಮೇಲೆ ಕಂಪನಿಯ ಸಾಫ್ಟ್‌ವೇರ್ ಕಿತ್ತು ನಮಗೆ ಬೇಕಾದದ್ದನ್ನು ಕೂಡಿಸಬಹುದು! ಸವಣೂರಿನ ಮೊಬೈಲ್ ರಿಪೇರಿ ಸಾಹೇಬರ ಬಳಿಗೆ ಓಡಿದ. ಅವರು ಕೈಮುಗಿದರು.

"ಬ್ಯಾಡ್ರಿ ಮೇಸ್ತ್ರಿ. ಬ್ಯಾಂಕಿನ ಆಪ್ ಬಂದ್ ಆಗತೈತಿ. ನಡುವ ನಿಂತ್ರ ಫೋನೂ ಖತಂ. ನನ್ನ ಕೈಲೆ ಈ ಕೆಲಸ ಮಾಡಸಬ್ಯಾಡ್ರಿ."

ಆಮೇಲೆ ನನಗೆ ಗಂಟುಬಿದ್ದ. ಹಾನಗಲ್ಲಿನಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನಲ್ಲ, ಅದೇ ತಪ್ಪಾಯಿತು. ಫೋನಿನ ಬೀಗ ತೆಗೆಯಲು ಕಂಪ್ಯೂಟರ್ ಬೇಕು. ದೀಪಾವಳಿ ಕಳೆದ ಮೇಲೆ ವಾರಕ್ಕೊಂದು ಸಲ ಬಂದು ಕೂಡತೊಡಗಿದ. ನಾನು ಆಗುವುದಿಲ್ಲ ಎಂದೆ. ಕಾರಣಗಳನ್ನೂ ಹೇಳಿದೆ. ನಿಜವಾದ ಕಾರಣ ಮಾತ್ರ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮವ್ವ ತಿಳವಳ್ಳಿಯಲ್ಲಿ ನನ್ನ ಅಣ್ಣನ ಸಂಗಡ ಇದ್ದಾಳೆ. ಹೋದ ವರ್ಷ ಲಕ್ವಾ ಹೊಡೆದು ಅವಳ ದನಿ ಉಡುಗಿದೆ. ಕಿವಿಗೊಟ್ಟು ಕೇಳಿದರೆ ಮಾತು ತಿಳಿಯುತ್ತದೆ. ಮಾಮಾ ಅವಳ ಒಬ್ಬನೇ ತಮ್ಮ. ನಮ್ಮ ಕಡೆ ನಾಗರ ಪಂಚಮಿಗೆ ತವರಿನ ಗಂಡುಮಗ ಬಂದು ಹೆಣ್ಣುಮಗಳನ್ನು ಕರೆದೊಯ್ಯಬೇಕು. ಅವನು ಒಂದು ವರ್ಷವೂ ತಪ್ಪಿಸಿದವನಲ್ಲ. ಈ ಶ್ರಾವಣದಲ್ಲಿ ಅವ್ವ ತಾನೇ ಕೇಳಿದಳು, "ತಮ್ಮಾ, ಪಂಚಮಿಗೆ ಕರಿಯಾಕ ಬರ್ತಿ ಹೌದಿಲ್ಲೋ? ನನಗಿದ ಕಡೀದು ಅನಸ್ತೈತಿ." ಆಗ ನಾನು ತಿಳವಳ್ಳಿಗೆ ಹೋಗಿದ್ದೆ, ಫೋನನ್ನು ಅವಳ ಕಿವಿಗೆ ಹಿಡಿದವಳು ನಾನೇ. "ಹೂಂ ಅಕ್ಕ," ಎಂದದ್ದನ್ನು ನಾನೂ ಕೇಳಿದ್ದೇನೆ.

ಅವ್ವ ಇಳಕಲ್ ಸೀರೆ ಉಟ್ಟು ಎರಡು ದಿನ ಕಟ್ಟೆಯ ಮೇಲೆ ಕಾದಳು. ಬಂದದ್ದು ಶೇಂಗಾ ಉಂಡಿಯ ಡಬ್ಬಿ, ಅದೂ ಬಸ್ ಕಂಡಕ್ಟರನ ಕೈಯಲ್ಲಿ! ನಾನು ಅವನಿಗೆ ಫೋನ್ ಮಾಡಿ ಬಯ್ಯಲು ಹೊರಟೆ. ಅವ್ವ ಆಣೆ ಹಾಕಿ ತಡೆದಳು. "ಬೈದು ಕರಸ್ಕೊಂಡ್ರ ಅದು ತವರಲ್ಲ," ಎಂದಳು. ಅಂದಿನಿಂದ ಅವನ ಮುಖ ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಕ್ಕನನ್ನು ಕರೆತರಲು ಪುರುಸೊತ್ತಿಲ್ಲ, ಫೋನಿನ ಹೊಟ್ಟೆ ಬಗೆಯಲು ಪುರುಸೊತ್ತಿದೆ.

ನಾಲ್ಕನೆಯ ಸಲ ಬಂದಾಗ ಆಣೆಯನ್ನು ಮರೆತು ಎಲ್ಲ ಕಕ್ಕಿಬಿಟ್ಟೆ.

ಮಾಮಾ ಫೋನನ್ನು ಮೇಜಿನ ಮೇಲಿಟ್ಟ. "ಅಕ್ಕ ಹಂಗ ಕೇಳಿದ್ಲಾ?" ಎಂದ. "ಆಕಿಗೆ ಬಸ್ಸಿನ ಕುಲುಕಾಟ ತಾಳಂಗಿಲ್ಲಂತ ನಾ ಉಂಡಿ ಕಳಿಸಿದ್ನಿ."

"ಹೂಂ ಅಂದಿಯಲ್ಲ ಮಾಮಾ."

"ಯವ್ವಾ, ಫೋನಿನ್ಯಾಗ ಅಕ್ಕನ ಮಾತು ನನಗ ಒಂದೂ ಕೇಳಂಗಿಲ್ಲ. ಗಿರಣಿ ನನ್ನ ಕಿವಿ ತಿಂದೈತಿ."

"ಮತ್ತ ದಿನಾ ಹೂಂ ಹೂಂ ಅಂತಿದ್ದಿ?"

"ಅಕ್ಕ ಮಾತಾಡಾಕತ್ತಾಳಂದ್ರ ಹೂಂ ಅನಬೇಕಲ್ಲ."

ಸ್ಪೀಕರ್ ಹಾಕಿದರೆ ಬರೀ ಕರಕರ ಅನ್ನುತ್ತದಂತೆ. ಕಿವಿಗೆ ಮಶೀನ್ ಹಾಕಿಕೊಂಡರೆ ಗಿರಣಿಯವರು ಮತ್ತೆ ಕರೆಯುವುದಿಲ್ಲವೆಂಬ ಹೆದರಿಕೆ. ಫೋನಿನ ದನಿಗೆ ಕಂಪನಿ ಒಂದು ಮಿತಿ ಹಾಕಿರುತ್ತದೆ, ರೂಟ್ ಮಾಡಿದರೆ ಅದನ್ನು ಏರಿಸಬಹುದು ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದ. ಇಷ್ಟು ದಿನ ಅವನು ನನ್ನ ಮುಂದೆ ಕೂತು ಕೇಳಿದ್ದು ಅದೊಂದಕ್ಕಾಗಿಯೇ. ನನಗೆ ನಾಚಿಕೆಯಾಯಿತು.

"ನಡಿ ಮಾಮಾ, ಈಗ ತಿಳವಳ್ಳಿ ಬಸ್ ಹಿಡಿಯೂಣು," ಎಂದೆ.

"ಮೊದಲ ಇದನ್ನ ಮಾಡು. ಅಕ್ಕ ಏನಂತಾಳ ಅಂತ ತಿಳೀದ ಇನ್ನೊಮ್ಮೆ ಹೂಂ ಅನ್ನಾಕ ನನಗ ಧೈರ್ಯ ಇಲ್ಲ."

ಮಾಡಿದೆ. ಬೀಗ ತೆಗೆದು ದನಿ ಏರಿಸಲು ಎರಡು ತಾಸು ಹಿಡಿಯಿತು. ಬ್ಯಾಂಕಿನ ಆಪ್ ಸಾಹೇಬರು ಹೇಳಿದಂತೆಯೇ ಸತ್ತಿತು. ಫೋನಿನಲ್ಲಿದ್ದ ನಂಬರುಗಳೆಲ್ಲ ಅಳಿಸಿಹೋದವು. ಅಕ್ಕನದು ಅವನಿಗೆ ಬಾಯಿಪಾಠವಿತ್ತು. ಒತ್ತಿದ. ಅತ್ತಿಗೆ ಫೋನನ್ನು ಅವ್ವನಿಗೆ ಹಿಡಿದಳು. ಮೇಜಿನ ಈಚೆ ಕೂತ ನನಗೂ ಆ ಸಣ್ಣ ದನಿ ಕೇಳಿಸಿತು.

"ಉಂಡಿ ಏನೋ ತಮ್ಮಾ?"

"ಇನ್ನೂ ಉಂಡಿಲ್ಲ ಅಕ್ಕ," ಎಂದ ಮಾಮಾ. "ನಾಳೆ ಮುಂಜಾನೆ ಗಾಡಿ ತರ್ತೇನಿ. ಸೀರಿ ಉಟ್ಕೊಂಡಿರು, ತವರಿಗೆ ಕರಕೊಂಡು ಹೋಗ್ತೇನಿ."

"ಪಂಚಮಿ ಎಂದೋ ಮುಗೀತಲ್ಲೋ."

"ನೀ ಬಂದ ದಿನಾನ ನಮಗ ಪಂಚಮಿ ಅಕ್ಕ."

ಆ ಕಡೆ ಅವ್ವ ಅಳತೊಡಗಿದಳು. ಅದೂ ಅವನಿಗೆ ಕೇಳಿಸಿತು.